ಕೇಬಲ್ ಕಿತ್ತವಳು

ನನಗೆ ಜಂಭ ಜಾಸ್ತಿ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಕೆಲಸ ಬಲ್ಲವಳಿಗೆ ಸ್ವಲ್ಪ ಜಂಭ ಇದ್ದರೆ ಯಾರ ಗಂಟು ಹೋಗುತ್ತದೆ?

ನಮ್ಮ ಡೇಟಾ ಸೆಂಟರ್ ಊರಾಚೆ ಇದೆ. ಅಲ್ಲಿ ಯಾವುದಾದರೂ ಸರ್ವರ್ ಮುನಿಸಿಕೊಂಡು ಕೂತರೆ ನಾವು ಗಾಡಿ ಹತ್ತಿ ಓಡಬೇಕಿತ್ತು. ಮನೆಯಲ್ಲೇ ಕೂತು ಆ ಸರ್ವರಿನ ಸ್ಕ್ರೀನ್ ನೋಡಲು, ಕೀಬೋರ್ಡ್ ಒತ್ತಲು, ಬೇಕಾದರೆ ಕರೆಂಟ್ ತೆಗೆದು ಮತ್ತೆ ಕೊಡಲು ಒಂದು ಪೆಟ್ಟಿಗೆ ಬರುತ್ತದೆ. ಅದನ್ನು ಆರಿಸುವ ಕೆಲಸ ನನಗೆ ಬಂತು. ಇಷ್ಟು ದೊಡ್ಡ ತೀರ್ಮಾನ ನನ್ನೊಬ್ಬಳದೇ ಆಗಿದ್ದು ಅದೇ ಮೊದಲು. ಅಮ್ಮನಿಗೆ ಫೋನ್ ಮಾಡಿ ಕೊಚ್ಚಿಕೊಂಡೆ. ಅಮ್ಮನಿಗೆ ಒಂದಕ್ಷರ ಅರ್ಥವಾಗದಿದ್ದರೂ ಪಕ್ಕದ ಮನೆಗೆಲ್ಲ ಸಾರಿದಳು.

ಎರಡು ಕಂಪನಿಗಳ ಪೆಟ್ಟಿಗೆಗಳು ಟ್ರಯಲ್‌ಗೆ ಬಂದವು. ಒಂದರ ಜೊತೆ, ಅದನ್ನು ಮಾರುವ ಕಂಪನಿಯ ಕಡೆಯಿಂದ ಅವನು ಬಂದ.

ನಾನು ಅವನನ್ನು ಪೆಟ್ಟಿಗೆ ಸಾಹೇಬ ಎಂದು ಕರೆಯತೊಡಗಿದೆ. ತನ್ನ ಪೆಟ್ಟಿಗೆಯ ವಿಷಯ ಬಂದರೆ ಸಾಕು, ಮಗನ ಮಾರ್ಕ್ಸ್ ಹೇಳುವ ಅಪ್ಪನಂತೆ ಮಾತಾಡುತ್ತಿದ್ದ. ಅದರಲ್ಲಿ ಸರ್ವರಿನ ಸ್ಕ್ರೀನ್ ನಿಜಕ್ಕೂ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ.

“ಒಂದ್ ಸಲನಾದ್ರೂ ಚೆನ್ನಾಗಿದೆ ಅಂದ್ಬಿಡಿ ಮೇಡಂ,” ಎಂದ ಒಂದು ದಿನ.

“ಟ್ರಯಲ್ ಮುಗೀಲಿ,” ಎಂದೆ.

ತಣ್ಣಗಿನ ಸರ್ವರ್ ರೂಮಿನಿಂದ ಹೊರಬಂದಾಗಲೆಲ್ಲ ಅವನ ಕನ್ನಡಕಕ್ಕೆ ಮಂಜು ಕವಿಯುತ್ತಿತ್ತು. ಏನೂ ಕಾಣದೆ ಕಾರಿಡಾರಿನಲ್ಲಿ ನಿಂತುಬಿಡುತ್ತಿದ್ದ. ಅಷ್ಟು ಹೊತ್ತು ನಾನು ಅವನನ್ನು ಕಣ್ತುಂಬ ನೋಡುತ್ತಿದ್ದೆ. ಒಮ್ಮೆ ಅವನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದರ ಮೇಲಿನಿಂದ ನನ್ನನ್ನೇ ನೋಡಿದ. ನನ್ನ ಕಿವಿ ಬಿಸಿಯಾಯಿತು.

ಟ್ರಯಲಿನ ಕೊನೆಗೆ ನನ್ನದೊಂದು ಪದ್ಧತಿ ಇದೆ. ಯಾರಿಗೂ ಹೇಳದೆ ಮುಖ್ಯ ನೆಟ್‌ವರ್ಕ್ ಕೇಬಲನ್ನು ಕಿತ್ತುಬಿಡುತ್ತೇನೆ. ಇಂಥ ಪೆಟ್ಟಿಗೆ ನಿಜವಾಗಿ ಬೇಕಾಗುವುದೇ ನೆಟ್‌ವರ್ಕ್ ಬಿದ್ದ ದಿನ. ಇನ್ನೊಂದು ಕಂಪನಿಯ ಪೆಟ್ಟಿಗೆಯಲ್ಲಿ ಅದರದೇ ಸಿಮ್ ಇತ್ತು, ಅದು ಮೊಬೈಲ್ ದಾರಿ ಹಿಡಿದು ಓಗೊಟ್ಟಿತು. ಅವನ ಪೆಟ್ಟಿಗೆ ನಮ್ಮ ನೆಟ್‌ವರ್ಕನ್ನೇ ನಂಬಿತ್ತು. ಅದರ ಜೊತೆಗೇ ಮಲಗಿತು.

ಯಾರಿಗೂ ಎರಡನೇ ಅವಕಾಶ ಕೊಡದ ನಾನು ಕೇಬಲ್ ಮತ್ತೆ ಸಿಕ್ಕಿಸಿ, ಮತ್ತೆ ಕಿತ್ತೆ. ಏಳಲಿಲ್ಲ. ಅವನು ನೆಲ ನೋಡುತ್ತಿದ್ದ. ನಾನು ಬೇಡ ಎಂದರೆ ಅವನು ಮತ್ತೆ ಈ ಕಡೆ ಬರಲು ಕಾರಣವೇ ಇರುವುದಿಲ್ಲ.

ತೀರ್ಮಾನದ ಮೀಟಿಂಗಿಗೆ ಅವನ ಮ್ಯಾನೇಜರೂ ಬಂದಿದ್ದರು. ಟ್ರಯಲಿನ ದಿನಗಳಲ್ಲಿ ನಾನೂ ಅವನೂ ಜೊತೆಗೆ ಕಾಫಿ ಕುಡಿಯುವುದನ್ನು ಗಮನಿಸಿದ್ದ ನಮ್ಮ ಬಾಸ್, ಸ್ಕ್ರೀನ್ ಚೆನ್ನಾಗಿರುವುದನ್ನೇ ತಗೊಳ್ಳೋಣವಲ್ಲ ಎಂದು ನಕ್ಕರು. ಎಲ್ಲರೂ ನನ್ನ ಮುಖ ನೋಡಿದರು. ತಲೆ ಎತ್ತಿ ಹೇಳಿದೆ, “ಇದು ಬೇಡ ಸರ್. ನೆಟ್‌ವರ್ಕ್ ಬಿದ್ದಾಗ ಕೈಗೆ ಸಿಗದೇ ಇರೋದನ್ನ ನಾನು ಆರಿಸಲ್ಲ.”

ಮೇಡಮ್ಮಿಗೆ ನೀನೇ ಸ್ವಲ್ಪ ತಿಳಿಸಿ ಹೇಳಪ್ಪ ಎಂದು ಮ್ಯಾನೇಜರು ಅವನನ್ನು ಎಬ್ಬಿಸಿದರು. ಅವನು ನಿಂತ.

“ಅವರು ಹೇಳಿದ್ದೇ ಸರಿ. ಅವರ ಜಾಗದಲ್ಲಿದ್ದಿದ್ರೆ ನಾನೂ ಬೇಡ ಅಂತಿದ್ದೆ.”

ಮ್ಯಾನೇಜರ ಮುಖ ಸಪ್ಪೆಯಾಯಿತು. ನನ್ನ ಎದೆ ಮಾತ್ರ ಹೆಮ್ಮೆಯಿಂದ ಉಬ್ಬಿತು, ಅದೂ ನನ್ನ ಬಗ್ಗೆ ಅಲ್ಲ.

ಪಾರ್ಕಿಂಗಿನಲ್ಲಿ ಅವನು ಪೆಟ್ಟಿಗೆಯನ್ನು ಕಾರಿನ ಡಿಕ್ಕಿಗೆ ಇಡುತ್ತಿದ್ದ. ನಾನು ಹೋಗಿ ಪಕ್ಕ ನಿಂತೆ. ಬೇಜಾರಾಯ್ತಾ ಎಂದು ಕೇಳಿದೆ. ಆಯ್ತು, ಆದರೆ ಮನಸ್ಸು ಹಗುರವೂ ಆಯ್ತು ಎಂದ.

“ಆರ್ಡರ್ ಸಿಕ್ಕಿದ್ರೆ ಬಾಯಿ ಮುಚ್ಕೊಂಡಿರ್ಬೇಕಿತ್ತು. ಈಗ ನಾನು ನಿಮಗೆ ಏನೂ ಮಾರೋನಲ್ಲ. ಒಂದು ಮಾತು ಕೇಳ್ಬಹುದಲ್ವಾ?”

“ಕೇಳಿ.”

“ನನ್ನನ್ನ ಮದ್ವೆ ಆಗ್ತೀರಾ?”

ಡಿಕ್ಕಿಯ ಬಾಗಿಲನ್ನು ನಾನೇ ಮುಚ್ಚಿದೆ. “ಟೆಸ್ಟ್ ಮಾಡದೆ ನಾನು ಏನನ್ನೂ ಆರಿಸಲ್ಲ, ಗೊತ್ತಲ್ಲ?”

ಅವನ ಮುಖ ಬಾಡಿತು. ಎಷ್ಟು ದಿನದ ಟೆಸ್ಟು ಎಂದು ಮೆಲ್ಲಗೆ ಕೇಳಿದ.

“ಅದು ಆಗ್ಲೇ ಮುಗೀತು,” ಎಂದೆ. “ಮೀಟಿಂಗಲ್ಲಿ ನೀವು ಎದ್ದು ನಿಂತ್ರಲ್ಲ, ಅಲ್ಲೇ.”