ಪರಮಾನಂದ ಓದದೆ ಬಿಟ್ಟ ಸಾಲು

"ನಮ್ಮವ್ವನ್ನ ಒಂಟೆ ಮಾಡಿಬಿಟ್ರಲ್ರೀ ಸರ್!"

ಬನಹಟ್ಟಿಯ ಪುಟ್ಟ ಚರ್ಚಿನ ಬಾಗಿಲಲ್ಲೇ ಸುವರ್ಣಾ ಅಡ್ಡ ನಿಂತಳು. ಭಾನುವಾರದ ಆರಾಧನೆ ಆಗಷ್ಟೇ ಮುಗಿದಿತ್ತು. ಪಾಸ್ಟರಿಗೆ ಜ್ವರವೆಂದು ಅಂದು ಪ್ರಸಂಗ ಮಾಡಿದವನು ತೇರದಾಳದ ಹೈಸ್ಕೂಲಿನ ವಿಜ್ಞಾನ ಮಾಸ್ತರ ಪರಮಾನಂದ.

ನಿತ್ಯಜೀವ ಬೇಕೆಂದು ಯೇಸುವಿನ ಬಳಿ ಓಡಿಬಂದ ಶ್ರೀಮಂತನ ಕಥೆ ಅದು. ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂದಾಗ ಆತ ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಹಣವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದೇ ಸುಲಭ ಎಂದು ಪರಮಾನಂದ ಹೇಳಿದ್ದೇ ತಡ, ಇಡೀ ಸಭೆ ಸುವರ್ಣಾಳ ತಾಯಿ ಗುರುಬಾಯಿಯತ್ತ ತಿರುಗಿತ್ತು. ಹಿಂದಿನ ವಾರವಷ್ಟೇ ಅವರ ಮನೆಗೆ ಸುವರ್ಣಾಳನ್ನು ನೋಡಲು ಮುಧೋಳದ ಶ್ರೀಮಂತರು ಎರಡು ಕಾರು ತುಂಬ ಬಂದಿದ್ದರು.

"ನಾ ಅವರಿಗೆ ಅಂದಿಲ್ರಿ. ಪಾಸ್ಟರ್ ಓದಾಕ ಕೊಟ್ಟ ಭಾಗ ಅದು."

"ಕೊಟ್ಟವ್ರು ಅವರು. ನಡುವ ಒಂದು ಸಾಲು ನುಂಗಿದವ್ರು ನೀವು."

ಪರಮಾನಂದನ ಕಿವಿ ಕೆಂಪಾದವು.

ಸುವರ್ಣಾ ಪವರ್‌ಲೂಮ್ ಸೀರೆಗಳಿಗೆ ಕಂಪ್ಯೂಟರಿನಲ್ಲಿ ಅಂಚಿನ ಚಿತ್ತಾರ ಬಿಡಿಸುವವಳು. ಒಂದು ಎಳೆ ತಪ್ಪಿದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಬೈಬಲ್ ತೆರೆದು ಬೆರಳಿಟ್ಟಳು.

"ಮಾರು ಅನ್ನೂಕಿಂತ ಮೊದಲ ಯೇಸು ಅವನ್ನ ನೋಡಿದ, ನೋಡಿ ಪ್ರೀತಿ ಮಾಡಿದ ಅಂತೈತಿ. ಪ್ರೀತಿಯಿಂದ ಹೇಳಿದ ಮಾತ್ರೀ ಅದು. ನೀವು ಪ್ರೀತಿ ಬಿಟ್ಟು ಬರೇ ಒಂಟೆ ತಂದ್ರಿ. ಅದಕ್ಕ ಬೈದಂಗ ಆತು."

ಅವನು ದನಿ ತಗ್ಗಿಸಿದ.

"ಖರೆ ಹೇಳ್ಲೇನ್ರಿ? ಆ ಸಾಲಿಗೆ ಬಂದಾಗ ತಲಿ ಎತ್ತಿದೆ. ಎದುರಿಗೆ ನೀವು ಕುಂತಿದ್ರಿ. ಪ್ರೀತಿ ಅನ್ನಾಕ ಧೈರ್ಯ ಆಗ್ಲಿಲ್ಲ. ಮುಂದಿನ ಸಾಲಿಗೆ ಜಿಗದೆ."

ಬೈಬಲ್ ಮುಚ್ಚಲು ಹೋದ ಸುವರ್ಣಾ ಬೆರಳನ್ನು ಒಳಗೇ ಮರೆತಳು. ಕಾಡಿಗೆ ಕಣ್ಣು ಅವನ ಮುಖದವರೆಗೆ ಹೋಗಿ, ನಾಚಿ, ಅವನು ತಪ್ಪಾಗಿ ಹಾಕಿಕೊಂಡಿದ್ದ ಶರ್ಟಿನ ಗುಂಡಿಯ ಮೇಲೆ ಕುಳಿತಿತು.

"ಎಷ್ಟು ದಿನದಿಂದ ಹಿಂಗ ಜಿಗಿಯಾಕತ್ತೀರಿ?"

"ಕ್ರಿಸ್‌ಮಸ್‌ದಿಂದ್ರಿ."

ಅವಳು ನಗು ತಡೆಯಲು ಸೆರಗು ಕಚ್ಚಿದಳು. "ಮುಧೋಳದವ್ರಿಗೆ ನಾ ಮೊನ್ನೆನ ಒಲ್ಲೆ ಅಂದೇನಿ. ಅವ್ವನ ಸಿಟ್ಟು ಇನ್ನೂ ಇಳಿದಿಲ್ಲ. ಹೋಗಿ ಮೊದಲ ಆಕಿ ಕ್ಷಮಾ ಕೇಳ್ರಿ. ಉಳಿದದ್ದು ಆಮ್ಯಾಲೆ ಕೇಳೀರಂತ."

ಸಂಜೆ ಪರಮಾನಂದ ಬುಲೆಟ್ ಏರಿ ಅವರ ಮನೆಗೆ ಬಂದ. ಗುರುಬಾಯಿ ಚಹಾ ಕೊಟ್ಟರು, ನಗು ಕೊಡಲಿಲ್ಲ. ಅವನು ಕ್ಷಮೆ ಕೇಳಿದ, ಬಿಟ್ಟ ಸಾಲನ್ನು ಓದಿದ, ಅದೇ ಉಸಿರಿನಲ್ಲಿ ಸುವರ್ಣಾಳನ್ನು ಕೊಡಿರೆಂದೂ ಕೇಳಿಬಿಟ್ಟ.

ಗುರುಬಾಯಿ ಕನ್ನಡಕ ಏರಿಸಿದರು. "ಇದ್ದದ್ದೆಲ್ಲಾ ಮಾರ್ರಿ ಅಂತ ಊರಿಗೆಲ್ಲಾ ಹೇಳಿದ್ರಿ. ನಿಮ್ಮದೇನೈತಿ ಮಾರಾಕ?"

"ಹೊರಗ ನಿಂತೈತಲ್ರೀ, ಆ ಬುಲೆಟ್ ಒಂದ. ನಾಳೆನ ಮಾರ್ತೇನಿ." ಚಾವಿಯನ್ನು ಟೇಬಲ್ ಮೇಲಿಟ್ಟ. ಕೈ ಮಾತ್ರ ಅದನ್ನು ಬಿಡಲು ಒಪ್ಪಲಿಲ್ಲ. ಆರು ವರ್ಷ ಕಾದು ಕೊಂಡ ಗಾಡಿ ಅದು. ಕಣ್ಣು ಮುಚ್ಚಿ, ಒಂದೊಂದೇ ಬೆರಳು ಎತ್ತಿದ.

ಗುರುಬಾಯಿ ಅವನನ್ನು ನೋಡಿದರು. ಅಡುಗೆಮನೆಯ ಬಾಗಿಲಿನಿಂದ ಸುವರ್ಣಾ ಪಾತ್ರೆ ಹಿಡಿದೇ ಇಣುಕಿದಳು.

"ಚಾವಿ ಇಟ್ಕೊಳ್ಳೋ ತಮ್ಮಾ," ಎಂದರು ಗುರುಬಾಯಿ. "ನಮ್ಮ ಹುಡುಗಿಗೆ ಬಸ್ಸಿನ್ಯಾಗ ಕುಂತ್ರ ವಾಂತಿ ಬರ್ತೈತಿ."

"ಅವ್ವಾ!" ಎಂದು ಒಳಗಿನಿಂದ ಕೂಗು ಬಂತು. ಹಿಂದೆಯೇ ಒಂದು ಪಾತ್ರೆ ಬಿದ್ದು ಉರುಳಿದ ಸದ್ದು.