ರೆಕ್ಕೆ ಅಕ್ಕನ ಗಂಟು

ರಾಟೆಯ ಲಾಕ್ ಬಿಚ್ಚಿತು.

ಕರ್‌ರ್‌ರ್...!

ಎರಡು ಅಡಿ ಸರ್ರನೆ ಕೆಳಗೆ ಬಿದ್ದೆ. ಮತ್ತೆ ಲಾಕ್ ಬಿತ್ತು. 'ಅಮ್ಮಾ!' ಎಂದು ಕಿರುಚಿದೆ. ನಗಬೇಡಿ ಸ್ವಾಮಿ! ಕಾಲಿಗೆ ಹಗ್ಗ ಕಟ್ಟಿ, ಇಪ್ಪತ್ತೈದು ಅಡಿ ಎತ್ತರದಲ್ಲಿ ಬಾವಲಿಯ ಹಾಗೆ ತಲೆಕೆಳಗೆ ನೇತುಹಾಕಿದ್ದರೆ ನಿಮಗೂ ಗೊತ್ತಾಗುತ್ತಿತ್ತು.

ಕೆಳಗೆ ಸಿಮೆಂಟ್ ನೆಲ.

"ಇನ್ನೊಂದ್ಸಲ ಕೇಳ್ತೀನಿ," ಎಂದ ಟೋಪಿ. "ನಿನ್ನ ಯಾರು ಕಳ್ಸಿದ್ದು?"

"ನಿಮ್ಮತ್ತೆ."

ಟೋಪಿ ಬೆರಳು ಅಲ್ಲಾಡಿಸಿದ. ರಾಟೆ ಹಿಡಿದಿದ್ದ ಆಳು ಮತ್ತೆ ಲಾಕ್ ತೆಗೆದ.

ಕರ್‌ರ್‌ರ್... ಇನ್ನೆರಡು ಅಡಿ!

ಟೋಪಿ ಯಾರು ಅಂತ ಹೇಳಿಬಿಡುತ್ತೇನೆ. ಫೋಟೋ ವ್ಯಾಪಾರಿ. ತಲೆಯ ಮೇಲೆ ಸದಾ ಒಂದು ಕೆಂಪು ಉಣ್ಣೆ ಟೋಪಿ. ಊರಿನವರ ತಲೆಗೆ ಹಾಕಿದ್ದು ಅದಕ್ಕಿಂತ ಹೆಚ್ಚು. ಅವನು ಮಾರುತ್ತಿದ್ದದ್ದು ಮದುವೆ ಫೋಟೋ ಅಲ್ಲ, ಮಾಯಾಲೋಕದ ಫೋಟೋ. ರೆಕ್ಕೆ ಬಂದ ಹುಡುಗಿಯರು, ನೀರಿನೊಳಗಿನ ರಾಣಿ, ಚಂದ್ರನ ಮೇಲೆ ಕೂತು ಜಡೆ ಹೆಣೆದುಕೊಳ್ಳುವ ಅಜ್ಜಿ... ಅಂಥವು.

ಮಾರುತ್ತಿದ್ದವನು ಅವನು. ಮಾಡುತ್ತಿದ್ದವಳು ಬೇರೆ.

ಒಂದು ವಾರದ ಹಿಂದೆ ಅವಳು ನನ್ನ ಆಫೀಸಿಗೆ ಬಂದಿದ್ದಳು. ಆಫೀಸು ಅಂದರೆ ಎರಡು ಕುರ್ಚಿ, ಒಂದು ಫ್ಯಾನು, ಹಲ್ಲಿ ನಾಲ್ಕು. ಕಳೆದುಹೋದವರನ್ನು, ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕಸುಬು. ಅದಕ್ಕೂ ಮೊದಲು ಪೊಲೀಸ್ ಆಗಿದ್ದೆ. ಮೀಸೆ ಇತ್ತು, ಸೊಂಟದ ಸುತ್ತ ಬೆಲ್ಟೂ ಇತ್ತು.

ಅವಳು ಮೇಜಿನ ಮೇಲೆ ಒಂದು ಕಾರ್ಡ್ ಇಟ್ಟಳು. ಯಾವುದೋ ಫೋಟೋ ಪ್ರದರ್ಶನದ ಆಹ್ವಾನ. ಅದರ ಮೇಲೆ ಒಬ್ಬ ಹುಡುಗಿಯ ಮುಖ, ಹಿಂದೆ ಬಿಳಿ ರೆಕ್ಕೆಯ ಅಂಚು. ಬಾಯಿ ತೆರೆದಿದೆ. ಕಣ್ಣಲ್ಲಿ ಭಯ... ಅಂಥಿಂಥ ಭಯ ಅಲ್ಲ!

"ನನ್ನ ತಂಗಿ," ಎಂದಳು. "ಹೊಸ ಫೋಟೋ ಅಂತೆ. ಒಂದೇ ಪ್ರತಿ ಅಂತೆ. ಪ್ರಿಂಟ್ ತೆಗೆದು, ನಾಲ್ಕು ಜನರ ಎದುರಿಗೆ ಫೈಲ್ ಅಳಿಸಿಬಿಟ್ಟಿದಾನೆ, ಬೆಲೆ ಏರ್ಲಿ ಅಂತ."

"ಸರಿ. ಏನು ತೊಂದರೆ?"

"ಇದನ್ನ ನಾನು ತೆಗೆದಿಲ್ಲ. ಅವಳು ಸತ್ತು ಮೂರು ವರ್ಷ ಆಯ್ತು."

ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಅವಳು ಸತ್ತದ್ದು ನನಗೆ ಗೊತ್ತಿತ್ತು ಸ್ವಾಮಿ. ಹಳೇ ಕಲ್ಲುಕ್ವಾರಿಯಲ್ಲಿ, ಫೋಟೋಗೆಂದು ನೀರಿನ ಮೇಲೆ ಹಗ್ಗದಲ್ಲಿ ತೂಗುಬಿಟ್ಟಿದ್ದಾಗ ಬಿದ್ದು ಮುಳುಗಿದ್ದಳು. ಆ ದಿನ ದಡದಲ್ಲಿ ನಿಂತು ಪಂಚನಾಮೆ ಬರೆದ ಪೊಲೀಸ್ ನಾನೇ! 'ಮೃತಳ ಅಕ್ಕ ಕಟ್ಟಿದ್ದ ಗಂಟು ಸಡಿಲವಾಗಿ ಬಿಚ್ಚಿಕೊಂಡು...' ಅಂತ ಬರೆದೆ. 'ವ್ಯಾಪಾರಿಯು ಪ್ರಾಣದ ಹಂಗು ತೊರೆದು ನೀರಿಗೆ ಧುಮುಕಿ...' ಅಂತಲೂ ಬರೆದೆ. ಅರ್ಧ ಗಂಟೆಯಲ್ಲಿ ಮುಗಿಸಿದೆ. ಹಸಿವಾಗಿತ್ತು.

ಆ ಹಗ್ಗದ ತುದಿಯನ್ನು ನಾನು ನೋಡಿದ್ದೆ. ಬಿಚ್ಚಿಕೊಂಡ ಹಗ್ಗದ ತುದಿ ಸುಕ್ಕುಗಟ್ಟಿರಬೇಕು. ಇದು ಚಾಕು ಹಾಕಿದ ಹಾಗೆ ಸಪಾಟಾಗಿತ್ತು. ಹೊಸ ಹಗ್ಗ, ಅಂಗಡಿಯವನು ಕತ್ತರಿಸಿಕೊಟ್ಟಿರಬೇಕು ಎಂದುಕೊಂಡೆ. ತಿಪ್ಪೆ ಸಾರಿಸಿದೆ. ಆಮೇಲೆ ಆ ತುದಿ ನನ್ನ ಕನಸಿಗೆ ಬರತೊಡಗಿತು. ಕೆಲಸ ಬಿಟ್ಟೆ. ಮೀಸೆ ಬೋಳಿಸಿದೆ. ಕನಸು ಮಾತ್ರ ನನ್ನನ್ನು ಬಿಡಲಿಲ್ಲ.

ಅವಳಿಗೆ ನನ್ನ ಗುರುತು ಸಿಕ್ಕ ಹಾಗೆ ಕಾಣಲಿಲ್ಲ. ನಾನೂ ಹೇಳಲಿಲ್ಲ. ಹೇಡಿ ನಾನು!

ಎಲ್ಲರೂ ಅವಳನ್ನು ರೆಕ್ಕೆ ಅಕ್ಕ ಎನ್ನುತ್ತಿದ್ದರು. ಹಳೇ ಬೆಡ್‌ಶೀಟು, ತಂತಿ, ಕೋಳಿಪುಕ್ಕದಿಂದ ರೆಕ್ಕೆ ಹೊಲಿದು ತಂಗಿಗೆ ಕಟ್ಟಿ ಫೋಟೋ ತೆಗೆಯುತ್ತಿದ್ದಳು. ಮೊದಲ ಫೋಟೋ ಕೊಂಡವನು ಒಬ್ಬ ಹಲ್ಲಿನ ಡಾಕ್ಟರು. ರೋಗಿಗಳು ಕಿರುಚುವುದನ್ನು ಮರೆಯಲಿ ಅಂತ! ಆಮೇಲೆ ಒಂದು ಮೇಳದಲ್ಲಿ ಮೂರು ದಿನ ಕೂತರೂ ಒಂದೂ ಹೋಗಲಿಲ್ಲ. ಒಬ್ಬ ಮಾತ್ರ ಬಂದು, ಫೋಟೋ ಬೇಡ, ಫ್ರೇಮ್ ಕೊಡ್ತೀರಾ ಅಂತ ಕೇಳಿದನಂತೆ. ಮಾರಾಟವಾಗದ ಪ್ರಿಂಟುಗಳು ಮಂಚದ ಕೆಳಗೆ ತುಂಬಿ, ಅಕ್ಕತಂಗಿ ಹತ್ತಿ ಕುಣಿದರೂ ಮಂಚ ಅಲ್ಲಾಡುತ್ತಿರಲಿಲ್ಲ.

ಆಗ ಟೋಪಿ ಬಂದ. ಎರಡು ವರ್ಷ ಮೇಲೆ ಹೋದರು, ಮೂರನೆಯ ವರ್ಷ ದಬಕ್ಕನೆ ಬಿದ್ದರು. ಕೊಳ್ಳುವವರದೆಲ್ಲ ಒಂದೇ ಮಾತು. ರೆಕ್ಕೆ ಚೆನ್ನಾಗಿದೆ, ಮುಖದಲ್ಲಿ ಜೀವ ಇಲ್ಲ.

"ಅವಳು ನಟಿ ಅಲ್ಲ ಸಾರ್," ಎಂದಳು ಅಕ್ಕ. "ಭಯ ಪಡು ಅಂದ್ರೆ ಕಿಸಕ್ಕಂತ ನಗೋಳು. ಟೋಪಿ ರೇಗೋನು. ಅವಳು ಹೋದ ಮೇಲೆ ಇದ್ದಬದ್ದ ಪ್ರಿಂಟೆಲ್ಲ ಒಂದೇ ವಾರಕ್ಕೆ ಖಾಲಿ. ಸತ್ತವಳ ರೆಕ್ಕೆ ಎಲ್ರಿಗೂ ಬೇಕು! ನಾನು ಆಮೇಲೆ ಕ್ಯಾಮೆರಾ ಮುಟ್ಟಿಲ್ಲ."

ಮಾತಾಡುವಾಗ ಅವಳ ಬೆರಳು ಸುಮ್ಮನಿರಲಿಲ್ಲ. ಬ್ಯಾಗಿನ ದಾರವನ್ನು ಕಟ್ಟುತ್ತಿತ್ತು, ಬಿಚ್ಚುತ್ತಿತ್ತು, ಮತ್ತೆ ಕಟ್ಟುತ್ತಿತ್ತು.

"ಅಕ್ಕ ಕಟ್ಟಿದ್ರೆ ಬ್ರಹ್ಮಗಂಟು, ಕತ್ತರಿ ಬೇಕು ಅನ್ನೋಳು ನನ್ನ ತಂಗಿ," ಎಂದಳು. "ಆ ದಿನ ಕಟ್ಟಿ, ಬೇರೆ ಲೆನ್ಸ್ ತರೋಕೆ ವ್ಯಾನಿಗೆ ಹೋಗಿದ್ದೆ. ಅಷ್ಟರಲ್ಲಿ ಹೇಗೆ ಬಿಚ್ಕೊಳ್ತು? ಕಣ್ಣು ಮುಚ್ಚಿದ್ರೆ ಸಾಕು, ಅವಳ ಸೊಂಟಕ್ಕೆ ಮತ್ತೆ ಕಟ್ತಾ ಇರ್ತೀನಿ. ನನ್ನ ಕೈಯಾರೆ ಅವಳನ್ನ ಕೊಂದ್ನಾ ಅಂತ ಗೊತ್ತಾಗ್ಬೇಕು. ಅಷ್ಟೇ."

"ಫೋಟೋ ನೋಡಿದ್ರೆ ಗೊತ್ತಾಗತ್ತಾ?"

"ಪೂರ್ತಿ ಪ್ರಿಂಟ್ ನೋಡ್ಬೇಕು. ಹಾರೋ ಹಾಗೆ ಕಾಣ್ಲಿ ಅಂತ ನಾವು ಫೋಟೋದಿಂದ ಹಗ್ಗ, ಸ್ಟೂಲು ಎಲ್ಲ ಅಳಿಸಿದ ಮೇಲೆ ಫೋಟೋನ ತಲೆಕೆಳಗೆ ಮಾಡಿ ಒಂದ್ಸಲ ನೋಡ್ತೀವಿ. ನೆಟ್ಟಗೆ ನೋಡಿದ್ರೆ ಕಣ್ಣು ಮುಖಕ್ಕೇ ಓಡುತ್ತೆ. ತಲೆಕೆಳಗೆ ಮಾಡಿದ್ರೆ ತಪ್ಪು ತಾನಾಗೇ ಕಾಣುತ್ತೆ. ಟೋಪಿಗೆ ಆ ತಾಳ್ಮೆ ಯಾವತ್ತೂ ಇರ್ಲಿಲ್ಲ."

ಪ್ರಿಂಟಿನ ಫೋಟೋ ತೆಗೆದುಕೊಂಡು ಬರಲು ಅವಳ ಹಳೇ ಕ್ಯಾಮೆರಾ ಬ್ಯಾಗು ನನ್ನ ಹೆಗಲಿಗೆ ಬಂತು. ಪ್ರದರ್ಶನ ಇವತ್ತು ಸಂಜೆ ಐದಕ್ಕೆ. ಮಧ್ಯಾಹ್ನ ಮೂರಕ್ಕೆ ಫ್ರೇಮ್ ಹಾಕುವವನ ವೇಷದಲ್ಲಿ ಟೋಪಿಯ ಗೋಡೌನಿಗೆ ನುಗ್ಗಿದೆ. ಅಕ್ಕ ಹೊರಗೆ ವ್ಯಾನಿನಲ್ಲಿ. ಅರ್ಧ ಗಂಟೆಯಲ್ಲಿ ಬರದಿದ್ದರೆ ಪೊಲೀಸರಿಗೆ ಫೋನ್ ಮಾಡಿ ಎಂದಿದ್ದೆ.

ಪ್ರಿಂಟ್ ಸಿಕ್ಕಿತು. ಬಾಗಿಲಿನಷ್ಟು ದೊಡ್ಡದು. ಮುಚ್ಚಿದ್ದ ಬಟ್ಟೆ ಎಳೆದೆ.

ಹಿಂದಿನಿಂದ ತಲೆಗೆ ಏನೋ ಬಿತ್ತು... ಕಣ್ಣು ಬಿಟ್ಟಾಗ ಜಗತ್ತು ತಲೆಕೆಳಗಾಗಿತ್ತು.

"ಕೊನೇ ಸಲ," ಎಂದ ಟೋಪಿ. "ಈ ಸಲ ಲಾಕ್ ವಾಪಸ್ ಬೀಳಲ್ಲ. ಏಣಿ, ರೆಡಿನಾ?"

ರಾಟೆ ಹಿಡಿದಿದ್ದವನ ಹೆಸರೇ ಏಣಿ. ಅಷ್ಟುದ್ದ. ಅವನು ಟೋಪಿಯ ಕಡೆ ತಿರುಗಿದ.

"ಹೆದರಿಸೋಕೆ ಅಂತ ಅಲ್ವಾ ಅಣ್ಣಾ ಹೇಳಿದ್ದು...?"

"ಹೇಳಿದಷ್ಟು ಮಾಡು!"

ರಕ್ತವೆಲ್ಲ ತಲೆಗೆ ಇಳಿದಿತ್ತು. ಕಣ್ಣು ಮಂಜಾಗುತ್ತಿತ್ತು. ಸಾಯುವ ಮೊದಲು ಅವಳ ಮುಖವನ್ನು ಒಮ್ಮೆ ನೋಡೋಣ, ಕ್ಷಮೆ ಕೇಳೋಣ ಅನ್ನಿಸಿತು. ಗೋಡೆಗೆ ಒರಗಿಸಿದ್ದ ಪ್ರಿಂಟಿನ ಕಡೆ ಕತ್ತು ತಿರುಗಿಸಿದೆ.

ಮುಖ ಕಾಣಲಿಲ್ಲ. ನೀರು ಕಂಡಿತು.

ಚಿತ್ರದ ಮೇಲರ್ಧದಲ್ಲಿ ಆಕಾಶ, ಮೋಡ, ಬೀಳುತ್ತಿರುವ ಹುಡುಗಿ. ಕೆಳಗರ್ಧ ಕ್ವಾರಿಯ ನೀರು, ಅದರಲ್ಲಿ ಅವಳ ಬಿಂಬ. ತಲೆಕೆಳಗೆ ನೇತಾಡುತ್ತಿದ್ದವನಿಗೆ ಆ ಬಿಂಬವೇ ನೆಟ್ಟಗೆ ನಿಂತಿತ್ತು!

ಅವಳೊಬ್ಬಳೇ ಅಲ್ಲ. ಮೇಲೆ ಅಳಿಸಿಹೋಗಿದ್ದ ಅಟ್ಟಣೆ ನೀರಲ್ಲಿ ಹಾಗೇ ಇತ್ತು. ಅಟ್ಟಣೆಯ ಮೇಲೆ ರಾಟೆ. ಅವಳ ಸೊಂಟದವರೆಗೂ ಕಪ್ಪು ಹಗ್ಗ... ಗಂಟು ಬಿಚ್ಚಿರಲಿಲ್ಲ! ರಾಟೆಯ ಪಕ್ಕ ಒಬ್ಬ ಗಂಡಸು. ಒಂದು ಕೈಯಲ್ಲಿ ಕ್ಯಾಮೆರಾದ ರಿಮೋಟು. ಇನ್ನೊಂದು ಕೈ ಲಾಕಿನಿಂದ ಆಗತಾನೇ ಎತ್ತಿದ್ದು.

ತಲೆಯ ಮೇಲೆ ಒಂದು ಕೆಂಪು ಚುಕ್ಕೆ.

ಮೂರು ವರ್ಷ ಆ ಹುಡುಗಿ ನೀರಿನೊಳಗಿಂದ ಬೆರಳು ತೋರಿಸುತ್ತಲೇ ಇದ್ದಳು. ನಾವ್ಯಾರೂ ಬಗ್ಗಿ ನೋಡಿರಲಿಲ್ಲ!

"ಏಣಿ!" ಕಿರುಚಿದೆ. "ಆ ದಿನ ಕ್ವಾರಿಯಲ್ಲಿ ರಾಟೆ ಹಿಡಿದಿದ್ದು ಯಾರು?"

"ಅಣ್ಣನೇ. ನಾನು ಆಚೆ ದಡದಲ್ಲಿ ಹೊಗೆ ಮಿಷನ್ ಹತ್ರ ಇದ್ದೆ..."

"ಆ ಫೋಟೋನ ತಲೆಕೆಳಗೆ ನೋಡು! ನೀರಲ್ಲಿ ಯಾರದೋ ಕೆಂಪು ಟೋಪಿ ಕಾಣ್ತಿದೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ... ಇವನು ಟೋಪಿ ಮುಟ್ಟಿ ನೋಡಿಕೊಂಡ!

ಏಣಿ ರಾಟೆ ಬಿಡಲಿಲ್ಲ. ಪ್ರಿಂಟಿಗೆ ಬೆನ್ನು ಹಾಕಿ, ಎರಡು ಕಾಲು ಅಗಲಿಸಿ, ಬಗ್ಗಿ, ಕಾಲಿನ ಸಂದಿಯಿಂದ ನೋಡಿದ. ಚಿಕ್ಕ ಮಕ್ಕಳು ನೋಡುವ ಹಾಗೆ. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಎದ್ದು ನಿಂತಾಗ ಅವನ ಕಣ್ಣಲ್ಲಿ ನೀರು.

"ಅವ್ಳು ನಂಗೆ ಏಣಿ ಮಾಮ ಅಂತಿದ್ಳು ಅಣ್ಣಾ..."

ಮೆತ್ತಗೆ, ಒಂದೊಂದೇ ಹಲ್ಲಾಗಿ ರಾಟೆ ಬಿಟ್ಟ. ನನ್ನ ತಲೆಗಿಂತ ಮೊದಲು ಅಂಗೈ ನೆಲ ಮುಟ್ಟಿತು.

"ಕೊಲ್ಲೋಕೆ ಬಿಟ್ಟಿದ್ದಲ್ಲ!" ಟೋಪಿ ಅರಚಿದ. "ಮುಖ ಬೇಕಿತ್ತು! ಒಂದೇ ಒಂದು ನಿಜವಾದ ಮುಖ! ಹತ್ತಡಿ ಬಿದ್ರೆ ನೆನೀತಾಳೆ, ಅಷ್ಟೇ ಅಂದ್ಕೊಂಡೆ. ರೆಕ್ಕೆ ನೀರು ಕುಡಿದು ಕಲ್ಲಾಗತ್ತೆ ಅಂತ ಯಾರಿಗ್ರೀ ಗೊತ್ತಿತ್ತು?"

"ಮತ್ತೆ ನೀರಲ್ಲಿ ಗಂಟು ಕತ್ತರಿಸಿದ್ದು? ಅದೂ ಗೊತ್ತಿಲ್ದೇನಾ? ಗಂಟು ಉಳಿದಿದ್ರೆ ಎಲ್ರೂ ರಾಟೆ ಮೇಲೆ ಅನುಮಾನ ಪಡ್ತಿದ್ರು!"

ಮೇಜಿನ ಮೇಲಿದ್ದ ಕಟರ್ ಟೋಪಿಯ ಕೈಗೆ ಬಂತು. ಬ್ಲೇಡು ಟಕಟಕನೆ ಹೊರಬಂತು. ಓಡಿದ... ನನ್ನ ಕಡೆ ಅಲ್ಲ!

ಪ್ರಿಂಟಿನ ಕಡೆ!

ಒಂದೇ ಪ್ರತಿ. ಫೈಲ್ ಇಲ್ಲ. ಆ ನೀರಿನ ತುಂಡು ಹೋದರೆ ಎಲ್ಲ ಹೋಯಿತು. ನನ್ನ ಮಾತು, ಒಬ್ಬ ಆಳಿನ ಮಾತು. ಅಕ್ಕ ಸಾಯುವವರೆಗೂ ಗಾಳಿಯಲ್ಲಿ ಗಂಟು ಕಟ್ಟುತ್ತಲೇ ಇರುತ್ತಾಳೆ.

ಕಾಲಿನ ಹಗ್ಗ ಕಿತ್ತು ಎದ್ದೆ. ಬಿದ್ದೆ. ಮತ್ತೆ ಎದ್ದೆ. ಗೋಡೌನಿನಲ್ಲಿ ತೂಗುಹಾಕಿದ್ದ ಹಳೇ ರೆಕ್ಕೆಗಳ ಸಾಲಿನೊಳಗೆ ನುಗ್ಗಿದೆ. ಪುಕ್ಕ ಬಾಯಿಗೆ, ಮೂಗಿಗೆ! ಹೊಗೆ ಮಿಷನ್ ಎಡವಿದೆ, ಅದು ಬುಸ್ಸೆಂದಿತು. ಆ ಹೊಗೆಯಲ್ಲೇ ಅವನ ಮೇಲೆ ಹಾರಿದೆ. ಬ್ಲೇಡು ನನ್ನ ಮುಂಗೈಯನ್ನು ಮೊಣಕೈವರೆಗೂ ಸೀಳಿತು. ನಾನು ಕುಸಿದೆ. ಅವನು ಕೈ ಎತ್ತಿದ...

ಕ್ಲಿಕ್!

ಫ್ಲ್ಯಾಶ್ ಬೆಳಕಿಗೆ ಇಡೀ ಗೋಡೌನು ಬೆಳ್ಳಗಾಯಿತು.

ಬಾಗಿಲಲ್ಲಿ ರೆಕ್ಕೆ ಅಕ್ಕ. ನನ್ನ ಹೆಗಲಿನಿಂದ ಅಲ್ಲೇ ಬಿದ್ದಿದ್ದ ಬ್ಯಾಗಿನಿಂದ ತೆಗೆದ ಕ್ಯಾಮೆರಾ ಅವಳ ಕೈಯಲ್ಲಿ. ತಂಗಿಯ ಮುಖವನ್ನು ಅಷ್ಟು ದೊಡ್ಡದಾಗಿ ಅವಳು ನೋಡುತ್ತಿದ್ದದ್ದು ಅದೇ ಮೊದಲು. ಕಣ್ಣೀರು ಸುರಿಯುತ್ತಿತ್ತು. ಕೈ ಮಾತ್ರ ಅಲುಗಲಿಲ್ಲ.

ಕ್ಲಿಕ್! ಕ್ಲಿಕ್! ಕ್ಲಿಕ್!

ಟೋಪಿ ಪ್ರಿಂಟನ್ನು ಅಡ್ಡಡ್ಡ ಸೀಳಿದ. ತಡವಾಗಿತ್ತು. ಒಂದೇ ಪ್ರತಿ ಹೋಗಿ ನಾಲ್ಕಾಗಿತ್ತು!

ಏಣಿ ಹಿಂದಿನಿಂದ ಬಂದು ಅವನ ಕಾಲರ್ ಹಿಡಿದು ಎತ್ತಿದ. ಕಟರ್ ನೆಲಕ್ಕೆ ಬಿತ್ತು.

"ಪೊಲೀಸ್ರು ಬರೋಕೆ ಎಷ್ಟು ಹೊತ್ತಾಗುತ್ತಕ್ಕಾ?"

"ಹತ್ತು ನಿಮಿಷ ಅಂದ್ರು."

"ಅಲ್ಲಿವರೆಗೂ ಮೇಲೆ ನೇತುಹಾಕ್ಲಾ ಸಾರ್?"

"ಹಾಕು," ಎಂದೆ. "ಫೋಟೋನ ಸರಿಯಾಗಿ ನೋಡ್ಲಿ."

ಅಕ್ಕ ಕ್ಯಾಮೆರಾವನ್ನು ತಲೆಕೆಳಗೆ ಹಿಡಿದು ಸ್ಕ್ರೀನ್ ನೋಡಿದಳು. ತುಂಬ ಹೊತ್ತು ನೋಡಿದಳು. ಹಗ್ಗವನ್ನು ಬೆರಳಿಂದ ಹಿಂಬಾಲಿಸುತ್ತ ಸೊಂಟದವರೆಗೂ ಹೋದಳು.

"ಬಿಚ್ಚಿಲ್ಲ," ಎಂದಳು. "ಪುಟ್ಟೀ... ನನ್ನ ಗಂಟು ಬಿಚ್ಚಿಲ್ಲ ಕಣೇ!"

ಬಿಕ್ಕಿ ಬಿಕ್ಕಿ ಅತ್ತಳು. ನಾನು ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಮನುಷ್ಯನೇ ಅಲ್ಲ.

"ಅಕ್ಕಾ, ಒಂದು ಮಾತು ಹೇಳ್ಬೇಕು. ಆ ಪಂಚನಾಮೆ ಬರೆದವನು..."

"ನೀವೇ." ತಲೆ ಎತ್ತಲಿಲ್ಲ. "ಮೀಸೆ ತೆಗೆದ್ರೆ ಧ್ವನಿ ಬದಲಾಗತ್ತಾ ಸಾರ್?"

"ಗೊತ್ತಿದ್ದೂ ನನ್ನ ಹತ್ರ ಯಾಕೆ ಬಂದ್ರಿ?"

"ಬೇರೆಯವರಾದ್ರೆ ಅವರು ನೋಡ್ತಿದ್ರು, ಮುಗೀತಿತ್ತು. ನೀವು ನೋಡ್ಬೇಕಿತ್ತು."

ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಹೊಡೆಯಲಿಲ್ಲ. ಒಂದು ರೆಕ್ಕೆಯಿಂದ ಬಿಳಿ ಬಟ್ಟೆ ಹರಿದು, ರಕ್ತ ಸುರಿಯುತ್ತಿದ್ದ ನನ್ನ ಕೈಗೆ ಸುತ್ತಿ, ಸರಸರನೆ ಒಂದು ಗಂಟು ಹಾಕಿದಳು. ಆಮೇಲೆ ಅವಳ ಬೆರಳುಗಳು ಮಡಿಲಲ್ಲಿ ಸುಮ್ಮನೆ ಬಿದ್ದುಕೊಂಡವು.

ಆಸ್ಪತ್ರೆಯಲ್ಲಿ ಡಾಕ್ಟರು ಆ ಗಂಟಿನ ಜೊತೆ ಕಾಲು ಗಂಟೆ ಗುದ್ದಾಡಿದರು. ಉಗುರು ಹಾಕಿದರು, ಚಿಮಟ ಹಾಕಿದರು. ಹಣೆ ಬೆವರಿತು. ಕೊನೆಗೆ ಕತ್ತರಿಗೆ ಕೈ ಚಾಚಿದರು.

"ಯಾರ್ರೀ ಕಟ್ಟಿದ್ದು ಇದನ್ನ? ಬಿಚ್ಚೋಕೇ ಬರಲ್ವಲ್ಲ!"

"ಅಷ್ಟನ್ನೇ ಬರೆದುಕೊಡಿ ಡಾಕ್ಟ್ರೇ," ಎಂದೆ. "ಹಳೇ ಪಂಚನಾಮೆ ತಿದ್ದಬೇಕು, ಕೆಳಗೆ ಸಹಿ ನಾನು ಹಾಕ್ತೀನಿ!"