ಎಕ್ಸ್‌ಪ್ರೆಸ್ ಎಳೆದ ಗೀಟುಗಳು

"ಇದರಲ್ಲಿ ಗೀಟಿಲ್ಲದ ಸಾಲು ಒಂದಾದ್ರೂ ಇದ್ರೆ ತೋರ್ಸು ನೋಡೋಣ," ಅಂದರು ಲೈಬ್ರರಿ ಮೇಡಂ.

ಹುಡುಗಿ ಆಕ್ಟೋಪಸ್‌ಗಳ ಬಗ್ಗೆ ಇದ್ದ ಆ ಪುಸ್ತಕವನ್ನು ಹಿಂದೆ ಮುಂದೆ ತಿರುವಿ ಹಾಕಿದಳು. ಕೊನೆಗೂ ಒಂದು ಸಿಕ್ಕಿತು.

"ಇಲ್ಲಿದೆ ಮೇಡಂ."

ಅದು ಪುಸ್ತಕ ಅಚ್ಚು ಹಾಕಿದ ಪ್ರೆಸ್ಸಿನ ವಿಳಾಸ. ಮೇಡಂ ನಗಲಿಲ್ಲ. ಅವರು ನಕ್ಕಿದ್ದನ್ನು ಆ ಶಾಲೆಯಲ್ಲಿ ಯಾರೂ ಕಂಡಿರಲಿಲ್ಲ.

ಐದನೇ ಕ್ಲಾಸಿನಲ್ಲಿ ಅವಳಷ್ಟು ಬೇಗ ಓದುವವರು ಇನ್ನೊಬ್ಬರಿರಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನು ಎಕ್ಸ್‌ಪ್ರೆಸ್ ಅಂತ ಕರೆಯುತ್ತಿದ್ದರು. ತೊಂದರೆ ಶುರುವಾದದ್ದು ಕ್ಲಾಸ್ ಟೀಚರಿಂದ. "ಮುಖ್ಯವಾದದ್ದಕ್ಕೆ ಗುರುತು ಹಾಕ್ಕೊಂಡು ಓದಿ," ಅಂದುಬಿಟ್ಟಿದ್ದರು. ಓದಿದ್ದನ್ನು ನಾಳೆ ಎಲ್ಲರೆದುರು ನಿಂತು ಹೇಳಬೇಕಿತ್ತು.

ಯಾವುದು ಮುಖ್ಯ ಅಂತ ಯೋಚಿಸುತ್ತ ಕೂತರೆ ಸ್ಪೀಡು ಬೀಳುತ್ತದೆ. ಹಾಗಾಗಿ ನಿನ್ನೆ ಸಂಜೆ ಅವಳು ಕಣ್ಣು ಓಡಿದ ಹಾಗೇ ಪೆನ್ಸಿಲ್ಲನ್ನೂ ಓಡಿಸಿದಳು. ಅಮ್ಮ ಊಟಕ್ಕೆ ಕರೆಯುವಷ್ಟರಲ್ಲಿ ಪುಸ್ತಕ ಮುಗಿದಿತ್ತು. ಪೆನ್ಸಿಲ್ಲೂ ಮುಗಿದಿತ್ತು. ಇವತ್ತು ಇದನ್ನು ಕೊಟ್ಟು ಬೇರೆ ಪುಸ್ತಕ ಒಯ್ಯೋಣ ಅಂತ ಬಂದವಳು ಸಿಕ್ಕಿಬಿದ್ದಳು.

"ಲೈಬ್ರರಿ ಪುಸ್ತಕದಲ್ಲಿ ಗೀಚೋ ಹಾಗಿಲ್ಲ," ಅಂದರು ಮೇಡಂ. "ಇಲ್ಲೇ ಕೂತು ಎಲ್ಲಾ ಅಳಿಸು. ಇಲ್ಲಾಂದ್ರೆ ಈ ವರ್ಷ ಪೂರ್ತಿ ನಿಂಗೆ ಪುಸ್ತಕ ಇಲ್ಲ."

ವರ್ಷ ಪೂರ್ತಿ! ಎಕ್ಸ್‌ಪ್ರೆಸ್ ತಕ್ಷಣ ರಬ್ಬರ್ ತೆಗೆದಳು. ಅದನ್ನೂ ಅದೇ ಸ್ಪೀಡಿನಲ್ಲಿ ಓಡಿಸಿದಳು. ಹಾಳೆ ಮುದುಡಿಕೊಂಡಿತು.

"ನಿಧಾನ. ಹರಿದ್ರೆ ಹೊಸದು ತಂದ್ಕೊಡ್ಬೇಕಾಗತ್ತೆ."

ಬೇರೆ ದಾರಿಯಿರಲಿಲ್ಲ. ಹಾಳೆಯನ್ನು ಬೆರಳಲ್ಲಿ ಒತ್ತಿ ಹಿಡಿದು ಒಂದೊಂದೇ ಸಾಲು ಅಳಿಸತೊಡಗಿದಳು. ಕೈ ಅಷ್ಟು ನಿಧಾನವಾದ ಮೇಲೆ ಕಣ್ಣಿಗೆ ಮಾಡಲು ಬೇರೇನೂ ಕೆಲಸವಿರಲಿಲ್ಲ. ಅದು ಓದತೊಡಗಿತು.

"ಆಕ್ಟೋಪಸ್‌ಗೆ ಮೂರು ಹೃದಯಾನಾ?"

"ನೀನೇ ಗೀಟು ಹಾಕಿದೀಯಲ್ಲ," ಅಂದರು ಮೇಡಂ, ತಲೆ ಎತ್ತದೆ.

ಶಾಲೆ ಬಿಟ್ಟು ಹುಡುಗರೆಲ್ಲ ಹೋದರು. ಕಸ ಗುಡಿಸುವ ಅಕ್ಕ ಬಂದು, ಬೆಂಚಿನ ಕೆಳಗೆ ಉದುರಿದ ರಬ್ಬರ್ ಪುಡಿ ನೋಡಿ, ಆಮೇಲೆ ಬರ್ತೀನಿ ಅಂತ ಹೋದಳು. ಎಕ್ಸ್‌ಪ್ರೆಸ್ ಕೊನೆಯ ಪುಟಕ್ಕೆ ಬಂದಳು.

ತಾಯಿ ಆಕ್ಟೋಪಸ್ ಊಟ ಬಿಟ್ಟು ಮೊಟ್ಟೆಗಳನ್ನು ಕಾಯುತ್ತದೆ ಅಂತಿತ್ತು. ಅಳಿಸಿದಳು. ಮರಿಗಳು ಹೊರಬರುವ ಹೊತ್ತಿಗೆ ಅದು ಸಾಯುತ್ತದೆ ಅಂತಿತ್ತು. ರಬ್ಬರ್ ನಿಂತುಬಿಟ್ಟಿತು.

ನಿನ್ನೆ ಇದೇ ಸಾಲಿಗೆ ಗೀಟೆಳೆದು ಎದ್ದು ಹೋಗಿ, ಇನ್ನೊಂದು ಸಲ ಬಡಿಸಿಕೊಂಡು ಉಂಡಿದ್ದಳು.

"ಯಾಕೆ ನಿಲ್ಲಿಸ್ದೆ?"

"ಮೇಡಂ, ಮರಿಗಳು ಬಂದಾಗ ಅಮ್ಮ ಇರಲ್ವಂತೆ."

"ಹೂಂ. ಇರಲ್ಲ."

"ಇದೊಂದು ಗೀಟು ಹಾಗೇ ಇರ್ಲಾ ಮೇಡಂ?"

"ಆಗಲ್ಲ."

ಮೇಡಂ ಡ್ರಾಯರ್ ಎಳೆದು ಒಂದು ಬಿಳಿ ಹಾಳೆ, ಕತ್ತರಿ ತೆಗೆದರು.

"ಗೀಟು ಹಾಕೋ ಹಾಗಿಲ್ಲ. ಪುಟದ ನಡುವೆ ಚೀಟಿ ಇಡಬಹುದು. ನಾಳೆ ಕ್ಲಾಸಲ್ಲಿ ಹೇಳೋ ತನಕ ಪುಸ್ತಕ ನಿನ್ ಹತ್ರಾನೇ ಇರ್ಲಿ." ಅವರು ಹಾಳೆಯನ್ನು ಅಳೆಯುವಂತೆ ನೋಡಿದರು. "ಎಷ್ಟು ಚೀಟಿ ಕತ್ತರಿಸ್ಲಿ? ನಿಂಗೆ ಈ ಒಂದು ಹಾಳೆ ಸಾಕಾಗುತ್ತೋ ಇಲ್ವೋ."

ಎಕ್ಸ್‌ಪ್ರೆಸ್ ಆ ಸಾಲನ್ನು ಇನ್ನೊಮ್ಮೆ ಓದಿದಳು. ಬೇಕಾದಷ್ಟು ಹೊತ್ತು ತೆಗೆದುಕೊಂಡಳು.

"ಒಂದೇ ಚೀಟಿ ಸಾಕು ಮೇಡಂ," ಅಂದಳು.